ಹಳೇ ದಾಖಲೆಯಲ್ಲಿ ಮುತ್ತಜ್ಜನನ್ನು ಹುಡುಕೋದು: ಹೆಸರೊಂದನ್ನೇ ನಂಬಬೇಡಿ

ಏಳು ತಿಂಗಳು ನಾನು ಬೇರೆ ಯಾರದೋ ಮುತ್ತಜ್ಜನ ಹಿಂದೆ ಬಿದ್ದಿದ್ದೆ. ಹೆಸರು ಅದೇ, ಊರು ಅದೇ, ವಯಸ್ಸೂ ಹತ್ತಿರ ಹತ್ತಿರ ಅದೇ. ಅವನಿಗೆ ಎಷ್ಟು ಮಕ್ಕಳು, ಯಾವ ವರ್ಷ ಮನೆ ಬದಲಾಯಿಸಿದ, ಎಲ್ಲ ನೀಟಾಗಿ ಬರೆದಿಟ್ಟುಕೊಂಡಿದ್ದೆ. ಆಮೇಲೆ ನೋಡಿದರೆ ಹೆಂಡತಿಯ ಹೆಸರೇ ಬೇರೆ! ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಹೆಸರು ಸಿಕ್ಕಿತು ಅಂದರೆ ಮನುಷ್ಯ ಸಿಕ್ಕ ಅಂತಲ್ಲ. ಹೆಂಡತಿ, ಕಸುಬು, ವಿಳಾಸ, ಅಣ್ಣತಮ್ಮಂದಿರು, ಇವುಗಳಲ್ಲಿ ಕಡೇಪಕ್ಷ ಎರಡಾದರೂ ತಾಳೆ ಆಗಬೇಕು.

ಹುಡುಕಾಟ ನಿಮ್ಮಿಂದಲೇ ಶುರುವಾಗಲಿ. ನೀವು, ಅಪ್ಪ ಅಮ್ಮ, ಅವರ ಅಪ್ಪ ಅಮ್ಮ, ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ. ಯಾರೋ ದೊಡ್ಡ ಮನುಷ್ಯರು ನಮ್ಮ ವಂಶದವರಂತೆ ಅಂತ ಅಲ್ಲಿಂದ ಕೆಳಗಿಳಿಯೋಕೆ ಹೋದರೆ ಕಥೆ ಸಿಗುತ್ತೆ, ಪುರಾವೆ ಸಿಗಲ್ಲ. ಲೆಕ್ಕ ಇಡೋಕೆ ಒಂದು ಹಳೇ ಉಪಾಯ ಇದೆ: ನಿಮಗೆ 1, ಅಪ್ಪನಿಗೆ 2, ಅಮ್ಮನಿಗೆ 3. ಯಾರ ನಂಬರನ್ನಾದರೂ ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಕೂಡಿಸಿದರೆ ಅಮ್ಮ. ಅಮ್ಮನ ಅಪ್ಪ 6, ಅಮ್ಮನ ಅಮ್ಮ 7. ಹತ್ತು ತಲೆಮಾರು ಹಿಂದೆ ಹೋದರೆ ಆ ಒಂದೇ ಸಾಲಿನಲ್ಲಿ 1024 ಜಾಗ ಇರುತ್ತವೆ, ಆದ್ದರಿಂದ ಎಲ್ಲರನ್ನೂ ಒಟ್ಟಿಗೆ ಹುಡುಕುವ ಆಸೆ ಬಿಡಿ.

ಮನೆಯ ಹಿರಿಯರ ಹತ್ತಿರ ಹೋಗಿ "ಹಳೇ ಕಾಲದ್ದು ಏನಾದರೂ ಹೇಳಿ" ಅಂದರೆ ಅವರಿಗೆ ಏನೂ ನೆನಪಾಗುವುದಿಲ್ಲ. ಒಂದು ಹಳೇ ಫೋಟೋ ಕೈಗೆ ಕೊಟ್ಟು "ಈ ಮೂಲೆಯಲ್ಲಿ ನಿಂತಿರೋರು ಯಾರು?" ಅಂತ ಕೇಳಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಸುಮ್ನೆ ಕೂತುಬಿಡಿ. ಈ ಕೆಲಸ ಇವತ್ತೇ ಮಾಡಿ. ದಾಖಲೆ ಇನ್ನೊಂದು ವರ್ಷ ಕಾಯುತ್ತೆ.

ಇನ್ನು ದಾಖಲೆಗಳು. ಯಾವ ಕಾಗದ ಸಿಕ್ಕರೂ ಮೊದಲು ಕೇಳಬೇಕಾದ್ದು, ಈ ಮಾಹಿತಿ ಕೊಟ್ಟವರು ಯಾರು ಅಂತ. ಮರಣ ಪ್ರಮಾಣಪತ್ರದಲ್ಲಿ ಸತ್ತ ದಿನ ಸಾಮಾನ್ಯವಾಗಿ ಸರಿಯಾಗಿರುತ್ತೆ, ಆದರೆ ಹುಟ್ಟಿದ ದಿನ, ತಂದೆತಾಯಿಯ ಹೆಸರು ಹೇಳಿದವರು ಮಗನೋ ಅಳಿಯನೋ ಆಗಿರುತ್ತಾರೆ, ಸತ್ತವರು ಹುಟ್ಟಿದಾಗ ಇವರು ಅಲ್ಲಿ ಇದ್ದವರೇನೂ ಅಲ್ವಲ್ಲ! ಬರೆದುಕೊಂಡವರಿಗೂ ಅವರದೇ ನಿಯಮ ಇರುತ್ತಿತ್ತು. ಇಂಗ್ಲೆಂಡಿನ 1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಅಂತ ಸೂಚನೆ ಇತ್ತು. 38 ವರ್ಷದವನು ಅಲ್ಲಿ 35 ಆಗುತ್ತಾನೆ. ಹತ್ತು ವರ್ಷ ಬಿಟ್ಟು 1851ರಲ್ಲಿ ಅವನೇ 47 ಅಂತ ಸಿಕ್ಕರೆ ಬೇರೆಯವನು ಅಂತ ಬಿಟ್ಟುಬಿಡಬೇಡಿ. ಇಸವಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹಾಗಾಗಿ ಅಲ್ಲಿ ಬರೆದ 1731ರ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1732.

ಕೆಲವು ಕಡೆ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಏನೂ ಉಳಿದಿಲ್ಲ. ಅಮೆರಿಕದ 1890ರ ಜನಗಣತಿಯ ಬಹುಪಾಲು 1921ರ ಬೆಂಕಿಯಿಂದಾಗಿ ಹಾಳಾಯಿತು. ಐರ್ಲೆಂಡಿನ ದಾಖಲೆ ಕಚೇರಿ 1922ರಲ್ಲಿ ಸುಟ್ಟುಹೋಯಿತು. ಇನ್ನು ಕೆಲವು ಬೀಗದ ಒಳಗಿವೆ: ಅಮೆರಿಕ ತನ್ನ ಜನಗಣತಿಯ ಹಾಳೆಗಳನ್ನು 72 ವರ್ಷ ಮುಚ್ಚಿಡುತ್ತೆ, 1950ರದ್ದು ಬಿಡುಗಡೆಯಾಗಿದ್ದು 2022ರಲ್ಲಿ. ಅದಕ್ಕೇ ಹುಡುಕುವ ಮುಂಚೆ ಆ ದಾಖಲೆ ಇದೆಯಾ, ತೆರೆದಿದೆಯಾ ಅಂತ ವಿಚಾರಿಸಿ.

ನನಗೆ ಜಾಸ್ತಿ ಇಷ್ಟ ಹಳೇ ಪತ್ರಿಕೆಗಳು. ಸರ್ಕಾರಿ ಕಾಗದದಲ್ಲಿ ಮನುಷ್ಯ ಹುಟ್ಟುತ್ತಾನೆ, ಮದುವೆಯಾಗುತ್ತಾನೆ, ಸಾಯುತ್ತಾನೆ, ಅಷ್ಟೇ. ಪತ್ರಿಕೆಯಲ್ಲಿ ಅವನ ಕುದುರೆ ಕಳೆದುಹೋಗುತ್ತೆ, ಪಕ್ಕದ ಮನೆಯವನ ಮೇಲೆ ಕೇಸು ಹಾಕುತ್ತಾನೆ. ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಅಮೆರಿಕದ ಕ್ರಾನಿಕ್ಲಿಂಗ್ ಅಮೆರಿಕ, ಈ ಮೂರು ವೆಬ್‌ಸೈಟುಗಳಲ್ಲೂ ಹಳೇ ಪತ್ರಿಕೆಗಳನ್ನು ದುಡ್ಡು ಕೊಡದೆ ಓದಬಹುದು.

ಆದರೆ ಅಲ್ಲಿ ಹೆಸರು ಹಾಕಿ "ಸಿಗಲಿಲ್ಲ" ಅಂತ ಎದ್ದು ಹೋಗುವವರೇ ಹೆಚ್ಚು. ಆ ಪುಟಗಳನ್ನು ಓದಿ ಅಕ್ಷರ ಮಾಡಿರೋದು ಕಂಪ್ಯೂಟರ್. ಶಾಯಿ ಹರಡಿದ್ದರೆ, ಕಾಗದ ಮಡಚಿದ್ದರೆ ಅದು ಏನೇನೋ ಓದುತ್ತೆ. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಕಪಕ್ಕ ಬಂದರೆ ಎಮ್ ಅಂದುಕೊಳ್ಳುತ್ತೆ, ಹಳೇ ಕಾಲದ, ಎಫ್ ಥರಾನೇ ಕಾಣುವ ಉದ್ದ ಎಸ್ (ſ) ಅನ್ನು ಎಫ್ ಮಾಡುತ್ತೆ. ಅದಕ್ಕೇ ಬೇಕಂತಲೇ ತಪ್ಪು ಅಕ್ಷರ ಹಾಕಿ ಹುಡುಕಿ. ಅದೂ ಆಗದಿದ್ದರೆ ಹೆಸರು ಪೂರ್ತಿ ಬಿಟ್ಟು ಬೀದಿಯ ಹೆಸರು, ಅಂಗಡಿಯ ಹೆಸರು, ಕಸುಬು ಹಾಕಿ. ಹೆಂಗಸರನ್ನಂತೂ ಅವರ ಹೆಸರಿನಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುವುದೇ ಇಲ್ಲ, ಇಂಗ್ಲಿಷ್ ಪತ್ರಿಕೆಗಳು ಗಂಡನ ಹೆಸರಿನ ಹಿಂದೆ ಮಿಸೆಸ್ ಅಂತ ಸೇರಿಸಿ ಮುಗಿಸಿಬಿಡುತ್ತಿದ್ದವು. ಬೇಜಾರಿನ ವಿಷಯ, ಆದರೆ ಹುಡುಕುವಾಗ ಹಾಗೇ ಹುಡುಕಬೇಕು.

ಸಾವಿನ ದಿನ ಅಂದಾಜಿಗೆ ಗೊತ್ತಿದ್ದರೆ ಸರ್ಚ್ ಬಿಟ್ಟು ಆ ವಾರದ ಪತ್ರಿಕೆಗಳನ್ನು ಪುಟ ಪುಟ ತಿರುವಿ. ತಾರೀಖು ಓದುವಾಗ ಸ್ವಲ್ಪ ಹುಷಾರು. ಹಳೇ ಇಂಗ್ಲಿಷ್ ಪತ್ರಿಕೆಯಲ್ಲಿ ತಾರೀಖಿನ ಮುಂದೆ "ಅಲ್ಟ್." ಅಂತಿದ್ದರೆ ಹೋದ ತಿಂಗಳು, "ಇನ್ಸ್ಟ್." ಅಂತಿದ್ದರೆ ಇದೇ ತಿಂಗಳು. ಮಾರ್ಚ್ 3ರ ಪತ್ರಿಕೆಯಲ್ಲಿ "27 ಅಲ್ಟ್." ಅಂದರೆ ಫೆಬ್ರವರಿ 27.

ಸಿಕ್ಕ ತುಣುಕನ್ನು ಬರೀ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡರೆ ಆರು ತಿಂಗಳ ನಂತರ ಅದು ಯಾವ ಪತ್ರಿಕೆ ಅಂತ ನಿಮಗೇ ಗೊತ್ತಾಗಲ್ಲ. ಪತ್ರಿಕೆಯ ಹೆಸರು, ದಿನ, ಪುಟ, ಕಾಲಂ, ನಾಲ್ಕೂ ಫೈಲಿನ ಹೆಸರಿನಲ್ಲೇ ಇರಲಿ. ಸಿಗದೇ ಹೋದದ್ದನ್ನೂ ಬರೆದಿಡಿ: ಎಲ್ಲಿ, ಯಾವ ವರ್ಷಗಳಲ್ಲಿ, ಯಾವ ಅಕ್ಷರಗಳಲ್ಲಿ ಹುಡುಕಿದಿರಿ ಅಂತ. ಇಲ್ಲದಿದ್ದರೆ ಅದೇ ಪುಟಗಳನ್ನು ಮೂರನೇ ಸಲ ತಿರುವುತ್ತಾ ಕೂತಿರುತ್ತೀರಿ, ನಾನು ಕೂತಿದ್ದೆ.

ವಂಶವೃಕ್ಷವನ್ನು ಆನ್‌ಲೈನ್‌ನಲ್ಲಿ ಹಾಕುವುದಾದರೆ ಬದುಕಿರುವವರ ಹೆಸರು, ಹುಟ್ಟಿದ ದಿನ ತೆಗೆದುಬಿಡಿ. ತಾಯಿಯ ಮದುವೆಗೆ ಮುಂಚಿನ ಹೆಸರೇನು ಅಂತ ಈಗಲೂ ಗುರುತಿಗಾಗಿ ಕೇಳುವ ಬ್ಯಾಂಕುಗಳಿವೆ, ನಿಮ್ಮ ಮರದಲ್ಲಿ ಆ ಉತ್ತರ ಎಲ್ಲರಿಗೂ ಕಾಣುವ ಹಾಗೆ ನೇತಾಡುತ್ತಿರುತ್ತೆ.