ಎರಡು ಸಲವೂ ಮೂರೇ, ಆದರೆ ಬೇರೆ ಮೂರು

ಅವರು ಅಡ್ಮಿಟ್ ಆದಾಗ ಕೈ ನಡುಗುತ್ತಿತ್ತು. ವಯಸ್ಸು 40 ದಾಟಿತ್ತು. ಹತ್ತು ವರ್ಷದಿಂದ ದಿನಾ ಕುಡಿತ. ಕೊನೆಯ ಮೂರು ದಿನ ಊಟವೇ ಇಲ್ಲ, ಬರೀ ಕುಡಿತ ಮತ್ತು ವಾಂತಿ. ಮರುದಿನ ಬೆಳಿಗ್ಗೆ ಬಿ.ಪಿ. 164/102. ರಕ್ತದ ಕೊಬ್ಬಿನಲ್ಲಿ ಟ್ರೈಗ್ಲಿಸರೈಡ್ 460. ‘ಒಳ್ಳೆ ಕೊಬ್ಬು’ ಎನ್ನುವ ಎಚ್‌ಡಿಎಲ್ 63. ಖಾಲಿ ಹೊಟ್ಟೆಯ ಶುಗರ್ 84. ಹೊಟ್ಟೆಯ ಸುತ್ತಳತೆ 96 ಸೆಂ.ಮೀ. ಐದರಲ್ಲಿ ಮೂರು ಮಿತಿ ಮೀರಿದ್ದವು. ಫೈಲಿನಲ್ಲಿ ‘ಮೆಟಬಾಲಿಕ್ ಸಿಂಡ್ರೋಮ್’ ಎಂದು ಬರೆದೆ. ಹೃದ್ರೋಗ, ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿಸುವ ಲಕ್ಷಣಗಳ ಗುಂಪಿಗೆ ಇಟ್ಟ ಹೆಸರು ಅದು. ಬಿ.ಪಿ. ಮಾತ್ರೆ ಶುರು ಮಾಡಿದೆ. ಪಕ್ಕದ ಹಾಸಿಗೆಗೆ ಹೋದೆ.

ಮೂರನೇ ವಾರ ಅವರು ಬಚ್ಚಲಿನಲ್ಲಿ ತಲೆ ಸುತ್ತಿ ಬಿದ್ದರು. ಬಿ.ಪಿ. 96/60. ಪೆಟ್ಟಾಗಲಿಲ್ಲ, ಪುಣ್ಯ. ಮಾತ್ರೆ ನಿಲ್ಲಿಸಿದೆ. ನಾಲ್ಕು ವಾರ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಅಳೆಸಿದೆ. ಬಿ.ಪಿ. 122/78. ಟ್ರೈಗ್ಲಿಸರೈಡ್ 138. ಎಚ್‌ಡಿಎಲ್ 37. ಶುಗರ್ 106. ಹೊಟ್ಟೆ 95. ಎಣಿಸಿದರೆ ಈಗಲೂ ಮೂರು! ಆದರೆ ಹೊಟ್ಟೆಯೊಂದನ್ನು ಬಿಟ್ಟರೆ ಮೊದಲಿನ ಮೂರೇ ಬೇರೆ, ಈಗಿನ ಮೂರೇ ಬೇರೆ. ಹೆಸರು ಸರಿಯಾಗಿತ್ತು, ಆದರೆ ನಾನು ಮಾತ್ರೆ ಕೊಟ್ಟಿದ್ದು ಇಲ್ಲದ ಕಾಯಿಲೆಗೆ.

ವ್ಯಸನ ಚಿಕಿತ್ಸೆಯ ವಾರ್ಡಿನಲ್ಲಿ ನಾನು ಕಲಿತ ಪಾಠಗಳಲ್ಲಿ ಇಷ್ಟು ನಾಚಿಕೆ ತರಿಸಿದ್ದು ಇನ್ನೊಂದಿಲ್ಲ.

ಲೆಕ್ಕ ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. 1988ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ‘ಸಿಂಡ್ರೋಮ್ ಎಕ್ಸ್’ ಎಂದು ಕರೆದ ಮೇಲೆ ಇದಕ್ಕೆ ಹಲವು ವ್ಯಾಖ್ಯೆಗಳು ಬಂದವು. ನಾನು ಬಳಸುವುದು 2009ರಲ್ಲಿ ಹಲವು ಸಂಸ್ಥೆಗಳು ಸೇರಿ ಒಪ್ಪಿದ್ದು. ಬಿ.ಪಿ. 130/85 ಅಥವಾ ಹೆಚ್ಚು. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು. ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚು. ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ. ಹೊಟ್ಟೆಯ ಸುತ್ತಳತೆಯ ಮಿತಿ ಜನಾಂಗದ ಮೇಲೆ ಹೋಗುತ್ತದೆ. ದಕ್ಷಿಣ ಏಷ್ಯಾದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಐದರಲ್ಲಿ ಯಾವ ಮೂರಿದ್ದರೂ ಸಾಕು. 2005ರ ಐಡಿಎಫ್ (ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ) ವ್ಯಾಖ್ಯೆಯಲ್ಲಿ ಹೊಟ್ಟೆ ಕಡ್ಡಾಯವಾಗಿತ್ತು. ನಮ್ಮ ರೋಗಿಗಳಿಗೆ ಅದು ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸೊರಗಿದ ದೇಹದಲ್ಲೂ ಉಳಿದ ನಾಲ್ಕರಲ್ಲಿ ಮೂರು ಕೆಟ್ಟಿರುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಇನ್ನು ಆ ಸಂಖ್ಯೆಗಳ ಕತೆ. ಕುಡಿತ ಒಮ್ಮೆಲೇ ನಿಂತಾಗ ನರಗಳು ಕೆರಳುತ್ತವೆ. ನಡುಕ, ಬೆವರು, ಎದೆಬಡಿತದ ಜೊತೆ ಬಿ.ಪಿ.ಯೂ ಏರುತ್ತದೆ. ಕೆಲವು ದಿನ ಕಳೆದರೆ ಇಳಿಯುತ್ತದೆ. ಕುಡಿಯುತ್ತಿದ್ದಾಗ ಇದ್ದ ಬಿ.ಪಿ.ಯೂ ವಾರಗಳಲ್ಲಿ ಇಳಿಯುವುದುಂಟು. ಟ್ರೈಗ್ಲಿಸರೈಡ್ ಇನ್ನೂ ಬೇಗ. ಲಿವರ್ ಮೊದಲು ಆಲ್ಕೋಹಾಲನ್ನು ಸುಡುತ್ತದೆ, ಕೊಬ್ಬನ್ನು ಪಕ್ಕಕ್ಕಿಡುತ್ತದೆ. ಆ ಕೊಬ್ಬು ರಕ್ತಕ್ಕೆ ಬರುತ್ತದೆ. ಕುಡಿತ ನಿಂತರೆ ಒಂದೆರಡು ವಾರದಲ್ಲಿ ಇದು ಧಡಕ್ಕನೆ ಬೀಳಬಹುದು. ಶುಗರ್ ಉಲ್ಟಾ. ಆಲ್ಕೋಹಾಲ್ ಲಿವರಿನಲ್ಲಿ ಹೊಸ ಗ್ಲೂಕೋಸ್ ತಯಾರಾಗುವುದನ್ನು ತಡೆಯುತ್ತದೆ. ಮೂರು ದಿನ ಉಣ್ಣದವರ ಶುಗರ್ 84 ಬಂದರೆ ಅದು ಆರೋಗ್ಯದ ಗುರುತಲ್ಲ, ಉಪವಾಸದ ಗುರುತು.

ಎಚ್‌ಡಿಎಲ್ ವಿಷಯದಲ್ಲಿ ಮಾತ್ರ ಆ ರೋಗಿ ನನ್ನನ್ನು ಕಟ್ಟಿಹಾಕಿದ್ದರು. ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು ಕೇಳಿದರು: “ಡಾಕ್ಟ್ರೇ, ಕುಡಿಯೋವಾಗ ಒಳ್ಳೆ ಕೊಬ್ಬು ಜಾಸ್ತಿ ಇತ್ತು. ಬಿಟ್ಟ ಮೇಲೆ ಕಮ್ಮಿ ಆಗಿದೆ. ಹಾಗಾದ್ರೆ?”

ಆ ‘ಹಾಗಾದ್ರೆ’ ಎಂಥ ಅಪಾಯದ ಪದ, ಅಲ್ವಾ? ಆಲ್ಕೋಹಾಲ್ ಎಚ್‌ಡಿಎಲ್ ಏರಿಸುವುದು ನಿಜ. ಸುಳ್ಳು ಹೇಳುವ ಹಾಗಿಲ್ಲ. “ಕುಡಿತ ಏರಿಸಿದ ಸಂಖ್ಯೆಯನ್ನು ನಂಬಿ ಹೃದಯ ಸುರಕ್ಷಿತ ಅಂದುಕೊಳ್ಳೋಕೆ ಆಗಲ್ಲ. ನಿಮ್ಮ ನಿಜವಾದ ಎಚ್‌ಡಿಎಲ್ 37. ಕುಡಿತ ಅದನ್ನು ಮುಚ್ಚಿಟ್ಟಿತ್ತು ಅಷ್ಟೆ. ಬಿ.ಪಿ., ಟ್ರೈಗ್ಲಿಸರೈಡ್ ಎಷ್ಟು ಇಳಿದಿವೆ, ಅದನ್ನೂ ನೋಡಿ” ಎಂದೆ. ಅವರು ತಲೆಯಾಡಿಸಿದರು. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಆಮೇಲಿಂದ ಪ್ರತಿ ಫೈಲಿಗೂ ಒಂದು ಹಾಳೆ ಸೇರಿಸುತ್ತೇನೆ. ಅಡ್ಡಕ್ಕೆ ಐದು ಸಾಲು, ಉದ್ದಕ್ಕೆ ಮೂರು ಕಾಲಂ: ಬಂದ ದಿನ, ನಾಲ್ಕು ವಾರದ ನಂತರ, ಆರು ತಿಂಗಳಿಗೆ. ಹೆಸರು ಬರೆಯುವುದು ಎರಡನೇ ಕಾಲಂ ತುಂಬಿದ ಮೇಲೆ. ಹಾಗಂತ ಮೊದಲನೇ ಕಾಲಂ ದಂಡವಲ್ಲ. ನಾಲ್ಕು ವಾರದ ನಂತರ ಬಾರದೇ ಹೋಗುವವರು ಬಹಳ. ಅವರಿಗೆ ಇರುವುದು ಅದೊಂದೇ. ಇನ್ನು ಬಿ.ಪಿ. ತೀರಾ ಏರಿದ್ದರೆ, ಶುಗರ್ 300 ಇದ್ದರೆ, ಟ್ರೈಗ್ಲಿಸರೈಡ್ 1000 ದಾಟಿ ಪ್ಯಾಂಕ್ರಿಯಾಸ್ ಊದಿಕೊಳ್ಳುವ ಭಯವಿದ್ದರೆ ಯಾರಾದರೂ ನಾಲ್ಕು ವಾರ ಕಾಯುತ್ತಾರಾ?

ಮೊದಲ ಎರಡು ಮೂರು ದಿನ ರಕ್ತ ಪರೀಕ್ಷೆಗಾಗಿ ಯಾರನ್ನೂ ಬಲವಂತವಾಗಿ ಉಪವಾಸ ಕೆಡವುವುದಿಲ್ಲ. ಮೊದಲೇ ಹೊಟ್ಟೆ ಬರಿದಾಗಿರುತ್ತದೆ, ಶುಗರ್ ಕುಸಿಯಬಹುದು. ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್, ಊಟ, ನಿದ್ದೆ, ಇವು ಮೊದಲು.

ಹೊಟ್ಟೆ ಅಳೆಯುವ ಟೇಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದ್ದುದರಲ್ಲಿ ಅತಿ ಅಗ್ಗದ ಸಾಧನ ಅದು, ಎಲ್ಲರೂ ತಪ್ಪಾಗಿ ಬಳಸುವುದೂ ಅದನ್ನೇ. “ನನ್ನ ಪ್ಯಾಂಟ್ ಸೈಜು 34, ಇಪ್ಪತ್ತು ವರ್ಷದಿಂದ ಬದಲಾಗಿಲ್ಲ” ಎಂದು ಒಬ್ಬರು ವಾದಿಸಿದರು. ನಿಜ, ಬೆಲ್ಟು ಹೊಟ್ಟೆಯ ಕೆಳಗೆ ಜಾರಿತ್ತು. ಅಳೆದರೆ 97 ಸೆಂ.ಮೀ. ಅಂಗಿ ಎತ್ತಿಸಿ, ಪಕ್ಕೆಲುಬಿನ ಕೆಳಗಿನ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಬೇಕು, ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಬೇಕು. ತೂಕದ ಯಂತ್ರ ಇಲ್ಲಿ ಸಾಕಾಗುವುದಿಲ್ಲ. ಬಹಳ ವರ್ಷ ಕುಡಿದವರ ತೊಡೆ, ತೋಳು ಸವೆದು ಹೊಟ್ಟೆ ಮಾತ್ರ ಉಳಿದಿರುತ್ತದೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ನೋಡಿದರೆ ಸರಿಯಾಗಿಯೇ ಇರುತ್ತದೆ.

ಆದರೆ ಹೊಟ್ಟೆಯಲ್ಲಿರುವುದು ಕೊಬ್ಬೋ ನೀರೋ? ಒಬ್ಬ ಹೆಂಗಸಿಗೆ 104 ಸೆಂ.ಮೀ. ಇತ್ತು, ಬಿ.ಪಿ. 98/60. ಮಲಗಿಸಿ ಹೊಟ್ಟೆ ತಟ್ಟಿ ನೋಡಿದರೆ ನೀರು ತುಂಬಿತ್ತು. ಲಿವರ್ ಗಾಯವಾಗಿ ಗಟ್ಟಿಯಾಗುವ ಸಿರೋಸಿಸ್. ಲಿವರ್ ಸೋತಾಗ ಬಿ.ಪಿ., ಕೊಬ್ಬು ಎರಡೂ ತಾವಾಗಿಯೇ ಇಳಿಯುತ್ತವೆ. ಅಂಥವರಲ್ಲಿ ಈ ಐದು ಮಿತಿಗಳ ಲೆಕ್ಕಕ್ಕೆ ನಾನು ಅರ್ಥ ಕಟ್ಟುವುದಿಲ್ಲ.

ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರೆ ಉಪವಾಸದ ರಗಳೆ ಇಲ್ಲವಲ್ಲ ಎಂದು ಕಿರಿಯ ಡಾಕ್ಟರುಗಳು ಕೇಳುತ್ತಾರೆ. ಸಿರೋಸಿಸ್ ಇದ್ದರೆ, ರಕ್ತಸ್ರಾವವಾಗಿದ್ದರೆ ಕೆಂಪು ರಕ್ತಕಣಗಳ ಆಯಸ್ಸು ಕಡಿಮೆ, ರಿಪೋರ್ಟ್ ಕಡಿಮೆ ತೋರಿಸುತ್ತದೆ. ಕಬ್ಬಿಣ ಅಥವಾ ಫೋಲೇಟ್ ಕೊರತೆಯಿದ್ದರೆ ಹೆಚ್ಚು ತೋರಿಸಬಹುದು. ಕುಡಿಯುವವರಲ್ಲಿ ಎರಡೂ ಒಟ್ಟಿಗೇ ಇರುವುದುಂಟು. ಹಾಗಾಗಿ ಅದನ್ನು ಒಂಟಿಯಾಗಿ ನಂಬುವುದಿಲ್ಲ.

ಎಷ್ಟು ಕುಡಿಯುತ್ತಾರೆ ಎನ್ನುವುದನ್ನು ಗ್ರಾಂನಲ್ಲಿ ಬರೆಯುವ ಅಭ್ಯಾಸ ಈಚೆಗೆ ಮಾಡಿಕೊಂಡೆ. 2023ರಲ್ಲಿ ಫ್ಯಾಟಿ ಲಿವರ್ ಹೆಸರುಗಳು ಬದಲಾದವು. ಮೆಟಬಾಲಿಕ್ ತೊಂದರೆ, ಕುಡಿತ ಎರಡೂ ಇರುವವರಿಗೆ ‘ಮೆಟ್‌ಎಎಲ್‌ಡಿ’ ಎಂಬ ಗುಂಪು ಬಂತು: ಗಂಡಸರಿಗೆ ವಾರಕ್ಕೆ 210ರಿಂದ 420 ಗ್ರಾಂ, ಹೆಂಗಸರಿಗೆ 140ರಿಂದ 350 ಗ್ರಾಂ ಆಲ್ಕೋಹಾಲ್. ಶೇ. 40ರ 750 ಮಿ.ಲೀ. ಬಾಟಲಿಯಲ್ಲಿ ಸುಮಾರು 237 ಗ್ರಾಂ ಇರುತ್ತದೆ. ವಾರಕ್ಕೊಂದು ಬಾಟಲಿ ಅಂದರೆ ಗಂಡಸು ಈ ಗುಂಪಿಗೆ ಬಂದಂತೆ, ಎರಡಾದರೆ ದಾಟಿದಂತೆ. ವಾರ್ಡಿಗೆ ಬರುವವರಲ್ಲಿ ಹೆಚ್ಚಿನವರು ಯಾವಾಗಲೋ ದಾಟಿದವರೇ.

ಹೆರಾಯಿನ್‌ನಂಥ ಓಪಿಯಾಯ್ಡ್‌ಗಳ ವ್ಯಸನದ ಕತೆ ಇದಕ್ಕೆ ತಿರುಗುಮುರುಗು. ಇವರು ಬರುವಾಗ ಒಣಗಿರುತ್ತಾರೆ, ಸಿಂಡ್ರೋಮ್ ಚಿಕಿತ್ಸೆಯ ಹಿಂದೆಯೇ ಬರುತ್ತದೆ. ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದ 26ರ ಹುಡುಗನೊಬ್ಬ 52 ಕಿಲೋ ಇದ್ದ. ಮೊದಲ ಕಾಲಮಿನಲ್ಲಿ ಎಚ್‌ಡಿಎಲ್ ಒಂದೇ ಕಡಿಮೆ. ರಕ್ತ ತೆಗೆಯಲು ರಕ್ತನಾಳ ಸಿಗದೆ ನರ್ಸ್ ಅರ್ಧ ಗಂಟೆ ಹುಡುಕಿದ್ದರು. ಹೆರಾಯಿನ್ ಬದಲಿಗೆ ಕೊಡುವ ಓಪಿಯಾಯ್ಡ್ ಔಷಧಿ ಮೆಥಡೋನ್ ಶುರುವಾಯಿತು. ಹದಿನಾಲ್ಕು ತಿಂಗಳಿಗೆ 77 ಕಿಲೋ, ಹೊಟ್ಟೆ 96, ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 35. “ನನ್ನ ಮಗ ಮೈ ತುಂಬಿಕೊಂಡ” ಎಂದು ಅವನ ತಾಯಿ ನಮ್ಮ ಕೈ ಹಿಡಿದುಕೊಂಡರು. ಆ ಸಂತೋಷದ ಮುಂದೆ ಟೇಪು ಹಿಡಿದು ನಿಲ್ಲಲು ನನಗೇ ಮುಜುಗರ.

ಕಾರಣ ಒಂದಲ್ಲ. ಈ ಔಷಧಿ ಸಿಹಿಯ ಆಸೆ ಹೆಚ್ಚಿಸುತ್ತದೆ. ಹುಡುಗ ದಿನಕ್ಕೆ ಎಂಟು ಕಪ್ ಚಹಾಕ್ಕೆ ಮೂರು ಮೂರು ಚಮಚ ಸಕ್ಕರೆ ಹಾಕುತ್ತಿದ್ದ. ಓಪಿಯಾಯ್ಡ್‌ಗಳು ಟೆಸ್ಟೋಸ್ಟೆರಾನ್ ತಗ್ಗಿಸುತ್ತವೆ, ಹೊಟ್ಟೆಗೆ ಬೊಜ್ಜು ಬರಲು ಅದೂ ದಾರಿ. ನಿದ್ದೆಗೆಂದು ಬೇರೆ ಕಡೆ ಯಾರೋ ಮಾನಸಿಕ ಕಾಯಿಲೆಯ ಔಷಧಿ ಓಲಾಂಜಪಿನ್ ಸೇರಿಸಿದ್ದರು, ತೂಕ ಏರಿಸುವುದರಲ್ಲಿ ಅದಕ್ಕೆ ದೊಡ್ಡ ಹೆಸರು. ಇನ್ನೊಂದು ನಮ್ಮ ಕಣ್ಣೆದುರೇ ಇತ್ತು. ಅವನಿಗೆ ಕೊಡುತ್ತಿದ್ದ ಮೆಥಡೋನ್ ಸಿರಪ್ಪೇ ಸಕ್ಕರೆಯದ್ದು. ಬೆಳಿಗ್ಗೆ ಡೋಸ್ ಕುಡಿದು ಪಕ್ಕದ ಕೋಣೆಗೆ ‘ಖಾಲಿ ಹೊಟ್ಟೆ’ ರಕ್ತ ಕೊಡಲು ಹೋಗುತ್ತಿದ್ದ! ಈಗ ನಮ್ಮಲ್ಲಿ ಮೊದಲು ರಕ್ತ, ಆಮೇಲೆ ಡೋಸ್.

ಇನ್ನೊಂದು ಸಣ್ಣ ಎಡವಟ್ಟು. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿ.ಪಿ. ಇದೆ ಎಂದೇ ಲೆಕ್ಕ. ಆದರೆ ಹೆರಾಯಿನ್ ಬಿಡುವಾಗ ಬರುವ ಬೆವರಿಗೆ ಕ್ಲೋನಿಡಿನ್ ಕೊಡುತ್ತೇವೆ. ಅದೂ ಬಿ.ಪಿ. ಔಷಧಿಯೇ. ಫೈಲ್ ನೋಡಿ ಯಾರೋ ಸುಮ್ನೆ ಟಿಕ್ ಹಾಕಿಬಿಡುತ್ತಾರೆ. ಮಾತ್ರೆ ಯಾಕೆ ಕೊಟ್ಟಿದ್ದು ಅಂತ ಕೇಳದೆ ಟಿಕ್ ಹಾಕಬೇಡಿ ಎಂದು ಹೇಳಿ ಹೇಳಿ ಸಾಕಾಗಿದೆ.

ಮೆಥಡೋನ್ ನಿಲ್ಲಿಸುವ ಮಾತು ಬರಲೇ ಇಲ್ಲ. ಬೊಜ್ಜು ತೊಂದರೆ ಕೊಡಲು ವರ್ಷಗಟ್ಟಲೆ ಬೇಕು. ಮತ್ತೆ ಹೆರಾಯಿನ್‌ಗೆ ಹೋದರೆ ಓವರ್‌ಡೋಸಿಗೆ ನಿಮಿಷಗಳು ಸಾಕು. ಓಲಾಂಜಪಿನ್ ನಿಧಾನವಾಗಿ ಬಿಡಿಸಿದೆವು, ಸಕ್ಕರೆಯಿಲ್ಲದ ಸಿರಪ್ ತರಿಸಿದೆವು, ಚಹಾದ ಸಕ್ಕರೆ ಒಂದು ಚಮಚಕ್ಕೆ ಇಳಿಯಿತು. ಆರು ತಿಂಗಳಿಗೆ ಹೊಟ್ಟೆ 91, ಟ್ರೈಗ್ಲಿಸರೈಡ್ 141. ಐದರಲ್ಲಿ ಎರಡು.

ಮುಂದಿನ ಸಲ ತಾಯಿ ಒಬ್ಬರೇ ಬಂದರು. ಬಾಗಿಲು ಹಾಕಿಕೊಂಡು ತಗ್ಗಿದ ದನಿಯಲ್ಲಿ ಕೇಳಿದರು: “ಡಾಕ್ಟ್ರೇ, ಮಗ ಇಳಿದುಹೋಗಿದಾನೆ. ಮತ್ತೆ ಶುರು ಮಾಡಿದ್ನಾ?”

ಆ ಮನೆಯಲ್ಲಿ ಸಣ್ಣಗಾಗುವುದಕ್ಕೆ ಇದ್ದದ್ದು ಒಂದೇ ಅರ್ಥ. ನನಗೆ ಅದು ಹೊಳೆದೇ ಇರಲಿಲ್ಲ. ಮಗನಿಗೆ ಅಲ್ಲೇ ಫೋನ್ ಮಾಡಿ, ಅಮ್ಮನಿಗೆ ರಿಪೋರ್ಟ್ ತೋರಿಸಬಹುದಾ ಎಂದು ಕೇಳಿದೆ. ಅವನು ನಕ್ಕು ಹೂಂ ಎಂದ. ಮೂತ್ರ ಪರೀಕ್ಷೆಯ ರಿಪೋರ್ಟ್ ತೆಗೆದು ಅವರ ಮುಂದಿಟ್ಟೆ, ಪಕ್ಕದಲ್ಲಿ ಮೂರು ಕಾಲಮಿನ ಹಾಳೆಯನ್ನೂ ಇಟ್ಟು 96 ಎಲ್ಲಿದೆ, 91 ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ.