ಡ್ರಾಪ್ ಪ್ಲೇಟ್ ಇಲ್ಲದೆ ಕ್ಯಾರವಾನ್ ಮಟ್ಟಕ್ಕೆ ತಂದಿದ್ದು: ನನ್ನ ಅನುಭವ

ಕಾರಿನ ಹಿಂದೆ ಮೂತಿ ಎತ್ತಿಕೊಂಡು ಹೋಗುವ ಕ್ಯಾರವಾನ್ (ಕಾರು ಎಳೆಯುವ ಚಕ್ರದ ಮನೆ) ಕಂಡರೆ ಬ್ರಿಟನ್ನಿನಲ್ಲಿ ಸಿಗುವ ಸಲಹೆ ಒಂದೇ: “ಹದಿನೈದು ಪೌಂಡ್ ಕೊಟ್ಟು ಒಂದು ಡ್ರಾಪ್ ಪ್ಲೇಟ್ ಹಾಕ್ಕೊಳ್ಳಿ, ಅರ್ಧ ಗಂಟೆ ಕೆಲಸ.” ನನಗೂ ಅದನ್ನೇ ಹೇಳಿದರು. ಕ್ಯಾರವಾನ್ ಸಿಕ್ಕಿಸಲು ಕಾರಿನ ಹಿಂದಿರುವ ಗುಂಡು ಟೋಬಾಲ್, ಅದನ್ನು ಹೊತ್ತ ಕಂಬಿ ಟೋಬಾರ್, ಅವೆರಡರ ನಡುವೆ ತೂರಿಸಿ ಬಾಲನ್ನು ಕೆಳಗಿಳಿಸುವ ಲೋಹದ ತುಂಡು ಡ್ರಾಪ್ ಪ್ಲೇಟ್. ಪ್ಲೇಟ್ ಹಾಕದೆ ಟೋಬಾಲ್ ಇಳಿಯುವುದೇ ಇಲ್ಲ ಎಂದು ವಾದಿಸಿದವರೂ ಇದ್ದರು. ಈಗ ಬಾಲ್ 50 ಮಿ.ಮೀ. ಇಳಿದಿದೆ, ಪ್ಲೇಟ್ ಇಲ್ಲ, ಕಾನೂನಿನ ತಕರಾರೂ ಇಲ್ಲ. ವಾದಿಸಿದವರಲ್ಲಿ ಇಬ್ಬರು ಟೇಪ್ ತಂದು ತಾವೇ ಅಳೆದು ನೋಡಿಕೊಂಡು ಹೋದರು.

2021ರ ಡಿಸೆಂಬರ್ 16ರ ನಂತರ ಮಾಮೂಲು ಕಾರ್ ಲೈಸೆನ್ಸಿನಲ್ಲೇ 3,500 ಕೆ.ಜಿ. ತನಕದ ಟ್ರೇಲರ್ ಎಳೆಯಬಹುದು. ಹಾಗಾಗಿ ನಮ್ಮ ಕನ್ನಡದವರಲ್ಲೂ ಕ್ಯಾರವಾನ್ ಕೊಳ್ಳುವವರು ಹೆಚ್ಚಾಗುತ್ತಿದ್ದಾರೆ. ಎತ್ತರದ ಫೋರ್‌ ಬೈ ಫೋರ್, ಹಿಂದೆ ಎರಡು ಆಕ್ಸಲ್ ಕ್ಯಾರವಾನ್, ಇದು ನಮ್ಮವರು ಹೆಚ್ಚಾಗಿ ಆರಿಸುವ ಜೋಡಿ. ನನ್ನದೂ ಅದೇ. ಕಾರಿನ ಪೂರ್ತಿ ತೂಕ 2,900 ಕೆ.ಜಿ. ಕ್ಯಾರವಾನಿನ ತೂಕದ ಫಲಕದ ಮೇಲೆ ಗರಿಷ್ಠ 1,750, ಸಾಮಾನು ತುಂಬಿದ ಮೇಲೆ ವೇಬ್ರಿಡ್ಜಿನಲ್ಲಿ (ಗಾಡಿ ತೂಗುವ ತಕ್ಕಡಿ) ಸುಮಾರು 1,600. ಕಂಪನಿ ಕೊಟ್ಟ ಸ್ವಾನ್ ನೆಕ್ (ಬಾಗಿದ ಕತ್ತಿನ) ಬಾರ್‌ನಲ್ಲಿ ಬಾಲ್‌ನ ಮಧ್ಯಬಿಂದು ನೆಲದಿಂದ ಖಾಲಿ ಕಾರಿಗೆ 495, ಹೇರಿದ ಕಾರಿಗೆ 455 ಮಿ.ಮೀ. ಆಸುಪಾಸು.

ಈ ಅಳತೆಯಲ್ಲೇ ಹೆಚ್ಚಿನವರು ಎಡವುವುದು. ನಿಯಮದಲ್ಲಿ ಬಾಲ್ ಎತ್ತರಕ್ಕಿರುವ 350ರಿಂದ 420 ಮಿ.ಮೀ. ಎನ್ನುವ ಮಿತಿ ಹೇರಿದ ಕಾರಿಗೆ, ಖಾಲಿ ಕಾರಿಗಲ್ಲ. ಖಾಲಿ ನಿಂತ ಕಾರನ್ನು ಅಳೆದು, “ಅಯ್ಯೋ 450 ಇದೆ” ಎಂದು ಪ್ಲೇಟ್ ಹಾಕಿಸಿಕೊಂಡವರ ಬಾಲ್, ಡಿಕ್ಕಿ ತುಂಬಿ ನಾಲ್ಕು ಜನ ಕೂತ ಮೇಲೆ 300ಕ್ಕೆ ಇಳಿದಿರುತ್ತದೆ. ಸಿಮೆಂಟ್ ನೆಲ ಇರುವ ಜಾಗ ಹುಡುಕಿ, ಟೈರಿಗೆ ಹೇರು ತೂಕದ ಗಾಳಿ ತುಂಬಿಸಿ, ಜನ ಸಾಮಾನು ಎರಡನ್ನೂ ಹೇರಿ, ನೆಲದಿಂದ ಬಾಲ್‌ನ ನೆತ್ತಿಗೆ ಅಳೆದು 25 ಕಳೆಯಿರಿ. ಕ್ಯಾರವಾನ್ ಕಡೆಗೆ, ಅಂದರೆ ಬಾಲ್ ಮೇಲೆ ಕೂರುವ ಅದರ ಹಿಚ್ (ಕೊಂಡಿ) ಎತ್ತರಕ್ಕೆ, ನಿಯಮದ ಅಂಕೆ 430, ಹೆಚ್ಚು ಕಡಿಮೆ 35. ಅದೂ ಪೂರ್ತಿ ಹೇರಿ, ಒಳಗಿನ ನೆಲ ಸಪಾಟಾಗಿ ನಿಂತಾಗ. ಒಳಗೆ ಬಾಗಿಲ ಹತ್ತಿರ ಉದ್ದನೆಯ ರಸಮಟ್ಟ ಇಟ್ಟು, ಜಾಕಿ ವೀಲ್ (ಮೂತಿ ಏರಿಸಿ ಇಳಿಸುವ ಪುಟ್ಟ ಚಕ್ರ) ತಿರುಗಿಸಿ ಮಟ್ಟ ಮಾಡಿ, ಆಮೇಲೆ ಹಿಚ್ ಅಳೆದರೆ ನನ್ನದು 415 ಬಂತು. ಅಂದರೆ ಹೇರಿದಾಗಲೂ ಮೂತಿ 40 ಮಿ.ಮೀ. ಮೇಲೆ.

ಇಲ್ಲೊಂದು ತಿರುವು ಇದೆ. ನನ್ನ ಕಾರಿನ 455 ಕಾನೂನುಬಾಹಿರವೇನಲ್ಲ. ಆಫ್‌ರೋಡ್ ವರ್ಗದ ಗಾಡಿಗಳಿಗೆ, ಅಂದರೆ ವಿ5ಸಿ ನೋಂದಣಿ ಪತ್ರದ ಜೆ ಕಲಮಿನಲ್ಲಿ ಎಂ1ಜಿ ಎಂದಿದ್ದರೆ, 350–420ರ ಕಟ್ಟು ಇಲ್ಲ. ಅಲ್ಲಿ ಏನೂ ಬರೆದಿರದಿದ್ದರೆ ಕಾರಿನ ಸರ್ಟಿಫಿಕೇಟ್ ಆಫ್ ಕನ್ಫಾರ್ಮಿಟಿ (ತಯಾರಕರು ಕೊಡುವ ಅನುಮೋದನೆಯ ಪತ್ರ) ನೋಡಬೇಕು. ಆದರೆ ವಿನಾಯಿತಿ ಎತ್ತರಕ್ಕೆ ಮಾತ್ರ. 1998ರ ಆಗಸ್ಟ್ 1ರಿಂದ ಈಚೆಗೆ ಮೊದಲ ನೋಂದಣಿಯಾದ ಪ್ಯಾಸೆಂಜರ್ ಕಾರಿಗೆ ಟೈಪ್ ಅಪ್ರೂವಲ್ (ಪರೀಕ್ಷಿಸಿ ಕೊಟ್ಟ ಅನುಮೋದನೆ) ಆದ ಟೋಬಾರ್ ಇರಲೇಬೇಕು. ಆ ಬಾರ್ ಮತ್ತು ಬಾಲ್ ನಡುವೆ ಬಾರ್ ತಯಾರಕರೇ ಆ ಬಾರ್‌ಗೆಂದು ಅನುಮೋದಿಸಿರದ ಪ್ಲೇಟ್ ತೂರಿಸಿದರೆ ಅನುಮೋದನೆ ಹೋಯಿತು. “ಅಂಗಡೀಲಿ ಮಾರ್ತಾರಲ್ಲ?” ಎಂದು ಕೇಳುತ್ತಾರೆ. ಮಾರುತ್ತಾರೆ, ಹಳೆಯ ಗಾಡಿಗಳಿಗೆ, ಹೊಲದ ಕೆಲಸಕ್ಕೆ. ನಿಮ್ಮ ಕಾರಿಗೆ ಹಾಕುವುದು ನಿಮ್ಮ ತಲೆಯ ಮೇಲೆ. ಹಳೆಯ ಕಾರಾದರೂ 1986ರ ಕನ್‌ಸ್ಟ್ರಕ್ಷನ್ ಅಂಡ್ ಯೂಸ್ ನಿಯಮಗಳಲ್ಲಿ ಗಾಡಿ ಅಪಾಯಕಾರಿ ಆಗಿರಬಾರದೆನ್ನುವ 100ನೆಯದು ಬಿಡುವುದಿಲ್ಲ. ಅಪಾಯ ಆಗುವಂಥ ಸ್ಥಿತಿಯಲ್ಲಿ ಓಡಿಸಿದರೆ 1988ರ ರೋಡ್ ಟ್ರಾಫಿಕ್ ಆಕ್ಟಿನ 40ಎ ಸೆಕ್ಷನ್ ಬರುತ್ತದೆ, ಲೈಸೆನ್ಸಿಗೆ 3 ಪಾಯಿಂಟ್ ಬೀಳುತ್ತದೆ. ಇನ್ಶೂರೆನ್ಸಿನವರು ಅಪಘಾತದ ನಂತರ ಮೊದಲು ಫೋಟೋ ತೆಗೆಯಬಹುದಾದದ್ದು ಹಿಚ್‌ನದ್ದೇ.

ಕಾನೂನು ಬದಿಗಿಟ್ಟರೂ ಪ್ಲೇಟಿನ ಲೆಕ್ಕ ಕೂಡುವುದಿಲ್ಲ. ಫ್ಲಾಂಜ್ ಬಾಲ್‌ಗೆ (ಬಾರ್‌ನ ಚಪ್ಪಟೆ ಮುಖಕ್ಕೆ ಬೋಲ್ಟ್ ಹಾಕಿ ಕೂರಿಸುವ ಬಾಲ್‌ಗೆ) ಎಂ16 ಬೋಲ್ಟ್ ಎರಡು, ಅಕ್ಕಪಕ್ಕ 90 ಮಿ.ಮೀ. ಅಂತರ. ಮೇಲೆ ಕೆಳಗೆ ಅಲ್ಲ, ಅಕ್ಕಪಕ್ಕ. ಹತ್ತು ಕಿಲೋನ್ಯೂಟನ್ ಎಳೆತವನ್ನು 100 ಮಿ.ಮೀ. ಕೆಳಗೆ ಇಳಿಸಿದರೆ ಬ್ರಾಕೆಟ್ ಮೇಲೆ ಸುಮಾರು 1,000 ನ್ಯೂಟನ್ ಮೀಟರ್ ತಿರುಚು ಹೆಚ್ಚಾಗಿ ಬೀಳುತ್ತದೆ. ತಡೆಯುವುದಕ್ಕೆ ಮೇಲೆ ಕೆಳಗೆ ಬೋಲ್ಟೇ ಇಲ್ಲ. ಎಳೆದಾಗ ಒಂದು ದಿಕ್ಕು, ಬ್ರೇಕ್ ಹಾಕಿದಾಗ ಇನ್ನೊಂದು ದಿಕ್ಕು. ಬೋಲ್ಟ್ ತಕ್ಷಣ ಮುರಿಯುವುದಿಲ್ಲ. ಬಣ್ಣದ ಪದರ ಪುಡಿಯಾಗಿ ಬಿಗಿತ ಹೋಗುತ್ತದೆ, ಬಾರ್‌ನ ವೆಲ್ಡಿಂಗ್ ಮೂಲೆಯಲ್ಲಿ ಕೂದಲೆಳೆ ಬಿರುಕು ಏಳುತ್ತದೆ.

ಹಾಗಾದರೆ 40 ಮಿ.ಮೀ. ತಾನೆ, ಬಿಟ್ಟುಬಿಡಬಾರದೇ? ಒಂದೇ ಆಕ್ಸಲ್ ಇದ್ದರೆ ನಾನೂ ಬಿಡುತ್ತಿದ್ದೆ. ಹಿಚ್‌ನಿಂದ ಆಕ್ಸಲ್‌ಗೆ 4.2 ಮೀಟರ್ ಇದ್ದರೆ ಅದು ಅರ್ಧ ಡಿಗ್ರಿ ಚಿಲ್ಲರೆ ಓರೆ, ಅಷ್ಟೇ. ಎರಡು ಆಕ್ಸಲ್ ಇದ್ದಾಗ ಕತೆ ಬೇರೆ. ರಬ್ಬರ್ ತಿರುಚು ಸಸ್ಪೆನ್ಷನ್‌ನಲ್ಲಿ ಎರಡು ಆಕ್ಸಲ್‌ಗಳೂ ಭಾರ ಹಂಚಿಕೊಳ್ಳುವುದಿಲ್ಲ, ತಮ್ಮ ತಮ್ಮ ಪಾಡಿಗೆ ಇರುತ್ತವೆ. 750 ಮಿ.ಮೀ. ಅಂತರದ ಆಕ್ಸಲ್‌ಗಳ ನಡುವೆ ಅರ್ಧ ಡಿಗ್ರಿ ಎಂದರೆ 7 ಮಿ.ಮೀ. ವ್ಯತ್ಯಾಸ. ವೇಬ್ರಿಡ್ಜಿನಲ್ಲಿ ಬೇರೆ ಬೇರೆ ತೂಗಿದರೆ ಮುಂದಿನದಕ್ಕೆ 700ರ ಹತ್ತಿರ, ಹಿಂದಿನದಕ್ಕೆ 800 ದಾಟಿ. ಜೋರಾಗಿ ಬ್ರೇಕ್ ಹಾಕಿದರೆ ಹಗುರಾದ ಮುಂದಿನ ಚಕ್ರಗಳು ಮೊದಲು ಲಾಕ್ ಆಗುತ್ತವೆ, ಹಿಂದಿನ ಟೈರ್ ಬಿಸಿಯಾಗಿ ಬೇಗ ಸವೆಯುತ್ತದೆ.

ನೋಸ್‌ವೇಟ್ (ಹಿಚ್ ಬಾಲ್ ಮೇಲೆ ಒತ್ತುವ ತೂಕ) ವಿಷಯದಲ್ಲಿ ನನ್ನ ಮಾತನ್ನು ಯಾರೂ ನಂಬಲಿಲ್ಲ. ಎತ್ತಿನ ಗಾಡಿ ಹಿಂಭಾರವಾದರೆ ನೊಗ ಮೇಲೇಳುವುದನ್ನು ಊರಲ್ಲಿ ಕಂಡವರಿಗೆ, ಮೂತಿ ಎದ್ದರೆ ಮುಂಭಾರ ಕಡಿಮೆ ಎಂದೇ ಅನ್ನಿಸುತ್ತದೆ. ಒಂದು ಆಕ್ಸಲ್‌ಗೆ ಅದು ನಿಜ, ಎರಡು ಮೂರು ಕೆ.ಜಿ. ಇಳಿಯುತ್ತದೆ. ಎರಡು ಆಕ್ಸಲ್‌ಗೆ ತಿರುವುಮುರುವು: ಮುಂದಿನ ಆಕ್ಸಲ್ ಬಿಟ್ಟ ಭಾರದ ಒಂದು ಪಾಲು ಟೋಬಾಲ್ ಮೇಲೆ ಬರುತ್ತದೆ. ಮಟ್ಟವಾಗಿದ್ದಾಗ 93 ಕೆ.ಜಿ. ತೋರಿದ ಗೇಜ್, 40 ಮಿ.ಮೀ. ಎತ್ತಿದಾಗ 104ರ ಹತ್ತಿರ ಹೋಯಿತು. ನನ್ನ ಕ್ಯಾರವಾನ್ ಛಾಸಿಯ ಮಿತಿ 100. ಹಾಗಾಗಿ ನೋಸ್‌ವೇಟ್ ಅಳೆಯುವಾಗ ಗೇಜಿನ ಕೆಳಗೆ ಹಲಗೆ ಇಟ್ಟು, ಹೇರಿದ ಕಾರಿನ ಬಾಲ್ ಎಷ್ಟು ಎತ್ತರದಲ್ಲಿದೆಯೋ ಅಷ್ಟಕ್ಕೇ ತಂದು ಅಳೆಯಬೇಕು. ಕಾರು, ಬಾರ್, ಕ್ಯಾರವಾನ್ ಮೂರರಲ್ಲಿ ಕಡಿಮೆ ಮಿತಿ ಯಾವುದೋ ಅದೇ ನಿಮ್ಮ ಮಿತಿ.

ಅಡ್ಡದಾರಿಗಳನ್ನೂ ನೋಡಿದ್ದಾಯಿತು. ಕ್ಯಾರವಾನ್‌ಗೆ 185 ಆರ್14ಸಿ ಟೈರಿನ ಬದಲು 195 ಹಾಕಿದರೆ 8 ಮಿ.ಮೀ. ಏರುತ್ತದೆ, ಅಷ್ಟಕ್ಕೆ ನಾಲ್ಕು ಟೈರಿನ ದುಡ್ಡು ದಂಡ, ಮೇಲಾಗಿ ವೀಲ್ ಬಾಕ್ಸಿನಲ್ಲಿ ಜಾಗ ಸಾಲದು. ಕಾರಿನ ಹಿಂದಿನ ಟೈರಿನ ಗಾಳಿ ಕಡಿಮೆ ಮಾಡಿ ಎಂದವರು ಆ ಕಾರಿನಲ್ಲಿ ತಾವು ಕೂರಲಿ. ಛಾಸಿ ಮತ್ತು ಆಕ್ಸಲ್ ನಡುವೆ ಪ್ಯಾಕಿಂಗ್ ಕೊಟ್ಟು ಕ್ಯಾರವಾನನ್ನೇ ಏರಿಸುವ ದಾರಿಯನ್ನು, ಛಾಸಿ ತಯಾರಕರ ಕಿಟ್ ಅಲ್ಲದಿದ್ದರೆ, ಯೋಚಿಸಲೂ ಬೇಡಿ. ಏರ್ ಸಸ್ಪೆನ್ಷನ್ ಇರುವ ಕಾರೊಂದನ್ನು ಎರವಲು ತಂದು ನೋಡಿದೆ: ಲೋ ಮೋಡಿನಲ್ಲಿ ಎತ್ತರ ಸರಿಯಾಗಿ ಕೂತಿತು, ಸ್ವಲ್ಪ ವೇಗ ಹಿಡಿದೊಡನೆ ತಾನೇ ಮಾಮೂಲು ಎತ್ತರಕ್ಕೆ ಎದ್ದಿತು.

ಕೊನೆಗೆ ಕೆಲಸ ಮಾಡಿದ್ದು ಬಾರ್ ಬದಲಾವಣೆ. ಒಂದೇ ಕಾರಿಗೆ ಬೇರೆ ಬೇರೆ ತಯಾರಕರ ಅನುಮೋದಿತ ಬಾರ್‌ಗಳಿರುತ್ತವೆ, ಬಾಲ್‌ನ ಎತ್ತರ ಎಲ್ಲದರಲ್ಲೂ ಒಂದೇ ಇರುವುದಿಲ್ಲ. ಅಂಗಡಿಯವರಿಗೆ ಇದು ಗೊತ್ತಿರುವುದಿಲ್ಲ, ಫಿಟ್ಟಿಂಗ್ ಹಾಳೆಯ ನಕ್ಷೆಯಲ್ಲಿ ಇರುತ್ತದೆ. ಆ ನಕ್ಷೆಯನ್ನು ಕೊಳ್ಳುವ ಮೊದಲೇ ಕೈಗೆ ಬರುವಂತೆ ಮಾಡಿದ ಉಪಾಯ ಸದ್ಯ ನನ್ನ ಹತ್ತಿರವೇ ಇರಲಿ. ಮೂರು ಬಾರ್ ಹೋಲಿಸಿದೆ. ಡಿ ಮೌಲ್ಯದ (ಬಾರ್ ಎಷ್ಟು ಎಳೆತ ತಾಳಬೇಕೆಂಬ ಅಂಕೆ) ಲೆಕ್ಕ: 9.81ನ್ನು ಕಾರು ಮತ್ತು ಕ್ಯಾರವಾನ್ ತೂಕಗಳ ಗುಣಲಬ್ಧದಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಬೇಕು, ತೂಕ ಟನ್‌ನಲ್ಲಿ. 2.9 ಮತ್ತು 1.75ಕ್ಕೆ 10.7 ಕಿಲೋನ್ಯೂಟನ್. ಎತ್ತರ ಚೆನ್ನಾಗಿ ಕೂಡುತ್ತಿದ್ದ ಬಾರ್ ಒಂದರ ಡಿ ಹತ್ತಕ್ಕೂ ಕಡಿಮೆ ಇತ್ತು, ಅಗ್ಗವೂ ಇತ್ತು, ಬಿಟ್ಟೆ. ಆರಿಸಿದ್ದು ಹನ್ನೆರಡರ ಮೇಲಿದ್ದ ಫ್ಲಾಂಜ್ ಬಾರ್, ಹೇರಿದಾಗ ಬಾಲ್ 405ರಲ್ಲಿ.

ಎಕೆಎಸ್ 3004ರಂಥ ಸ್ಟೆಬಿಲೈಸರ್ (ಬಾಲನ್ನು ಬಿಗಿ ಹಿಡಿದು ಕ್ಯಾರವಾನ್ ಓಲಾಡದಂತೆ ತಡೆಯುವ ಹಿಚ್) ಇದ್ದರೆ ಉದ್ದ ಕತ್ತಿನ ಬಾಲ್ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಹಿಚ್ ಫ್ಲಾಂಜಿಗೆ ತಗಲುತ್ತದೆ. ಆ ಬಾಲ್‌ಗೂ ಅದರದೇ ಇ ಗುರುತು (ಅನುಮೋದನೆಯ ಮುದ್ರೆ), ಅದರದೇ ಡಿ ಮತ್ತು ಎಸ್ (ತಾಳುವ ನೋಸ್‌ವೇಟ್) ಇರುತ್ತವೆ. ಬಾರ್‌ನದು ಹನ್ನೆರಡಿದ್ದು ಬಾಲ್‌ನದು ಹತ್ತಿದ್ದರೆ ಲೆಕ್ಕಕ್ಕೆ ಬರುವುದು ಹತ್ತೇ. ಹೊಸ ಬಾಲ್ ಮೇಲಿನ ಬಣ್ಣವನ್ನು ಎಮರಿ ಪೇಪರಿನಲ್ಲಿ ಪೂರ್ತಿ ಉಜ್ಜಿ ತೆಗೆಯಿರಿ, ಗ್ರೀಸ್ ಹಚ್ಚಬೇಡಿ. ಬೋಲ್ಟ್ ಕೂರುವ ಮುಖದ ದಪ್ಪ ಪೇಂಟನ್ನೂ ಕೆರೆದು ತೆಗೆದೆ. 8.8 ಗ್ರೇಡಿನ ಎಂ16 ಬೋಲ್ಟಿಗೆ ಬಿಗಿತ ಸುಮಾರು 200 ನ್ಯೂಟನ್ ಮೀಟರ್, ಆದರೆ ಬಾರ್‌ನ ಹಾಳೆ ಹೇಳಿದ್ದೇ ಕೊನೆ ಮಾತು. ಹಳೆಯ ನೈಲಾಕ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ) ನಟ್ ಮತ್ತೆ ಹಾಕಬೇಡಿ. ಮೊದಲ ಪ್ರವಾಸ ಮುಗಿದ ಕೂಡಲೇ ಟಾರ್ಕ್ ರೆಂಚ್ ಮತ್ತೊಮ್ಮೆ ಇಡಿ, ನನ್ನದರಲ್ಲಿ ಒಂದು ನಟ್ ಕಾಲು ಸುತ್ತು ಹೋಯಿತು.

ಬ್ರೇಕ್‌ಅವೇ ಕೇಬಲ್‌ಗೆ ಬಾರ್‌ನಲ್ಲೇ ಕಣ್ಣು ಇದೆಯೇ ನೋಡಿ. ಕ್ಯಾರವಾನ್ ಕಳಚಿಕೊಂಡರೆ ಅದರ ಬ್ರೇಕ್ ಎಳೆಯುವ ತಂತಿ ಇದು. ಬಾಲ್‌ನ ಕತ್ತಿಗೆ ಸುತ್ತಿದ ಕೇಬಲ್ ಹಿಚ್ ಕಳಚಿದಾಗ ಬಾಲ್ ಮೇಲಿಂದ ಜಾರಿ ಬಂದುಬಿಡಬಹುದು. ಇನ್ಶೂರೆನ್ಸ್‌ಗೆ ಬಾರ್ ಬದಲಿಸಿದ್ದನ್ನು ಬರೆದು ತಿಳಿಸಿದೆ, ಪ್ರೀಮಿಯಂ ಏರಲಿಲ್ಲ.

ಖರ್ಚು ನೆನಪಿದ್ದಷ್ಟು: ಬಾರ್ 190 ಪೌಂಡ್, ಬಾಲ್ 40, ಕೂಲಿ 150, ವೇಬ್ರಿಡ್ಜ್ ಪ್ರತಿಸಲ ಹತ್ತು ಹದಿನೈದು. ಹಳೆಯ ವೈರಿಂಗನ್ನೇ ಉಳಿಸಿಕೊಂಡಿದ್ದರಿಂದ ಮುನ್ನೂರು ಪೌಂಡಿಗೆ ಕಡಿಮೆಯಿಲ್ಲದಂತೆ ಉಳಿಯಿತು. ಸ್ವಾನ್ ನೆಕ್ ಮಾರಿ 60 ಬಂತು. ಈಗ ಎರಡು ಆಕ್ಸಲ್‌ಗೂ 750ರ ಆಚೀಚೆ, ಮೂತಿ 10 ಮಿ.ಮೀ. ಕೆಳಗೆ, ನೋಸ್‌ವೇಟ್ 90ರ ಹತ್ತಿರ. ಡೀಸೆಲ್ ಉಳಿಯುತ್ತದೆ ಎನ್ನುವವರ ಮಾತು ನಂಬಬೇಡಿ, ಅದರಲ್ಲಿ ಒಂದು ಲೋಟದಷ್ಟೂ ಬದಲಾಗಲಿಲ್ಲ. ಬಾಲ್ ಕೆಳಗೆ ಬಂದಿದ್ದರಿಂದ ಫೆರ್ರಿಯ ರ‍್ಯಾಂಪ್ ಹತ್ತುವಾಗ ಮಾತ್ರ ಜಾಕಿ ವೀಲ್‌ನ್ನು ಪೂರ್ತಿ ಮೇಲೆಳೆದು ಕ್ಲಾಂಪ್ ಬಿಗಿ ಮಾಡಿಕೊಳ್ಳಿ.