ಬಾಟಲಿ ತೊಳೆಯುವುದರಿಂದ ಶುರು ಮಾಡಿ: ಮಣ್ಣು, ನೀರಿನಲ್ಲಿ ಕೀಟನಾಶಕ ಹುಡುಕುವ ಕೆಲಸ ಕಲಿಯುವವರಿಗೆ

ಎಂಎಸ್ಸಿ ಮುಗಿಸಿ ಲ್ಯಾಬ್‌ಗೆ ಬರುವ ಹುಡುಗರು ಮೊದಲ ವಾರದಲ್ಲೇ ಕೇಳುತ್ತಾರೆ, "ಮೇಡಂ, ಜಿಸಿ-ಎಂಎಸ್ ಯಾವಾಗ ಕಲಿಸ್ತೀರಾ?" ಸ್ಯಾಂಪಲ್‌ನಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಮಷಿನ್ ಅದು. ಮೊದಲು ಬಾಟಲಿ ತೊಳೆಯೋದು ಕಲಿಯಿರಿ ಅನ್ನುತ್ತೇನೆ. ಮುಖ ಬಾಡುತ್ತದೆ. ಸತಾಯಿಸಲು ಹೇಳುವುದಲ್ಲ. ಕೋಟಿ ರೂಪಾಯಿಯ ಮಷಿನ್‌ಗೆ ಬಾವಿಯ ನೀರು ಯಾವುದು, ಬಾಟಲಿಯ ಕೊಳೆ ಯಾವುದು ಅಂತ ಗೊತ್ತಾಗುವುದಿಲ್ಲ, ಎರಡನ್ನೂ ಅಷ್ಟೇ ಶ್ರದ್ಧೆಯಿಂದ ಅಳೆದು ಕೊಡುತ್ತದೆ.

ನಾವು ಹುಡುಕುವುದು ಎಷ್ಟು ಸಣ್ಣದು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ ಎಂಡೋಸಲ್ಫಾನ್ ಎಂಬ ಕೀಟನಾಶಕ ಲೀಟರಿಗೆ 0.4 ಮೈಕ್ರೋಗ್ರಾಂ ದಾಟಬಾರದು. 5,000 ಲೀಟರಿನ ಟ್ಯಾಂಕರ್ ತುಂಬಾ ನೀರಿದ್ದರೆ ಅದರಲ್ಲಿ 2 ಮಿಲಿಗ್ರಾಂ. ಒಂದು ರಾಗಿ ಕಾಳಿನಷ್ಟೂ ತೂಕ ಇಲ್ಲ. ಅದನ್ನು ಹುಡುಕಲು ಹೊರಟವರು ಕೈಯನ್ನೂ ನಂಬಬಾರದು.

ಓದಿನ ವಿಷಯ ಬೇಗ ಮುಗಿಸಿಬಿಡುತ್ತೇನೆ. ಅನಲಿಟಿಕಲ್ ಅಥವಾ ಆರ್ಗ್ಯಾನಿಕ್ ಕೆಮಿಸ್ಟ್ರಿ, ಪರಿಸರ ವಿಜ್ಞಾನ, ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನ, ಈ ಮೂರರಲ್ಲಿ ಯಾವ ದಾರಿಯಲ್ಲಿ ಬಂದರೂ ನಡೆಯುತ್ತದೆ. ಪಿಎಚ್‌ಡಿ ಮಾಡುವ ಮನಸ್ಸಿದ್ದರೆ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ತೆಗೆದುಕೊಳ್ಳಿ. ಲಖನೌದ ವಿಷಶಾಸ್ತ್ರ ಸಂಶೋಧನಾ ಸಂಸ್ಥೆ ಐಐಟಿಆರ್, ನಾಗಪುರದ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ನೀರಿ, ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಇವುಗಳ ಕೆಲಸ ಏನು ಅಂತ ನೋಡಿಟ್ಟುಕೊಳ್ಳಿ. ಖಾಸಗಿ ಲ್ಯಾಬ್ ಸೇರುವುದಾದರೆ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ ಅಂತ ಕೇಳಿ. ಇದ್ದರೆ ದಾಖಲೆ ಬರೆಯುವ ಶಿಸ್ತು ಬರುತ್ತದೆ, ಅದು ಜೀವನಪೂರ್ತಿ ಉಪಯೋಗಕ್ಕೆ ಬರುವ ಚಟ. ಇನ್ನೊಂದು, 'ಸಾವಯವ ಮಾಲಿನ್ಯದ ಮೇಲೆ ಕೆಲಸ' ಅಂತ ನೆಂಟರಿಗೆ ಹೇಳಲು ಹೋಗಬೇಡಿ. ನಮ್ಮ ಚಿಕ್ಕಪ್ಪ ಇವತ್ತಿಗೂ ನಾನು ಜೀವಾಮೃತ ಮಾಡುತ್ತೇನೆ ಅಂದುಕೊಂಡಿದ್ದಾರೆ.

ಈಗ ಬಾಟಲಿಗೆ ಬರೋಣ. ಕಂದು ಬಣ್ಣದ ಗಾಜಿನ ಬಾಟಲಿ, 1 ಲೀಟರಿನದು. ಪ್ಲಾಸ್ಟಿಕ್ ಯಾಕೆ ಬೇಡ ಅಂದರೆ ಕೆಲವು ಕೀಟನಾಶಕಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತವೆ, ಜೊತೆಗೆ ಪ್ಲಾಸ್ಟಿಕ್‌ನಲ್ಲಿರುವ ಥ್ಯಾಲೇಟ್ ಎಂಬ ರಾಸಾಯನಿಕ ನೀರಿಗೆ ಇಳಿದು ಮಷಿನ್‌ನ ಗ್ರಾಫಿನಲ್ಲಿ 149ರ ಮಾಸ್‌ನಲ್ಲಿ (ಅಣುವಿನ ತುಣುಕಿನ ತೂಕ) ದೊಡ್ಡ ಪೀಕ್ (ಮೊನಚು ಏರು) ಆಗಿ ಎದ್ದು ನಿಲ್ಲುತ್ತದೆ. ಸೋಪು, ಬಿಸಿನೀರು, ಡಿಸ್ಟಿಲ್ಡ್ ನೀರು, ಅಸಿಟೋನ್, ಕೊನೆಗೆ ಹೆಕ್ಸೇನ್, ಈ ಕ್ರಮದಲ್ಲಿ ತೊಳೆಯಿರಿ. ಆಮೇಲೆ 400 ಡಿಗ್ರಿಯಲ್ಲಿ 4 ಗಂಟೆ ಮಫಲ್ ಫರ್ನೇಸ್ ಎಂಬ ಲ್ಯಾಬಿನ ಕುಲುಮೆಯಲ್ಲಿಡಿ. ಆದರೆ ಅಳತೆಯ ಫ್ಲಾಸ್ಕ್‌ಗಳನ್ನು ಅಪ್ಪಿತಪ್ಪಿಯೂ ಹೀಗೆ ಸುಡಬೇಡಿ, ಅಳತೆ ಕೆಡುತ್ತದೆ. ಮುಚ್ಚಳದ ಒಳಗೆ ಟೆಫ್ಲಾನ್ ಪದರ ಇರಬೇಕು. ಇದೆಲ್ಲ ಕೀಟನಾಶಕದ ಮಾತು. ಪಿಫಾಸ್ (ಟೆಫ್ಲಾನ್, ನೀರು ಹಿಡಿಯದ ಬಟ್ಟೆಗಳಲ್ಲಿ ಬಳಸುವ ಫ್ಲೋರಿನ್ ರಾಸಾಯನಿಕಗಳು) ಹುಡುಕುವುದಾದರೆ ಎಲ್ಲ ಉಲ್ಟಾ: ಅಲ್ಲಿ ಟೆಫ್ಲಾನ್ ಕೂಡದು, ಪಾಲಿಪ್ರೊಪಿಲೀನ್ ಬಾಟಲಿಯೇ ಬೇಕು, ಮಳೆಗೆ ಒದ್ದೆಯಾಗದ ಜಾಕೆಟ್ ಹಾಕಿಕೊಂಡು ಹೋದರೂ ತಕರಾರು.

ಸ್ಯಾಂಪಲ್ ತೆಗೆಯಲು ಎಲ್ಲಿಗೆ ಹೋಗುತ್ತೀರಿ ಅನ್ನುವುದರ ಹಿಂದೆ ಒಂದು ಕತೆ ಇರುತ್ತದೆ, ಅದನ್ನು ಮೊದಲು ತಿಳಿದುಕೊಳ್ಳಿ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಈ ಕಡೆ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಸುತ್ತಲೂ ಅದೇ ಕತೆ. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಷೇಧ ಹೇರಿತು. ಅಂಥ ಊರಿಗೆ ಹೋದಾಗ ತೋಟ ಗುಡ್ಡದ ಮೇಲಿತ್ತಾ, ಬಾವಿ ಕೆಳಗಿದೆಯಾ, ಮಳೆನೀರು ಯಾವ ಕಡೆಯಿಂದ ಹರಿದು ಬರುತ್ತದೆ ಅಂತ ಮನೆಯ ಅಜ್ಜಿಯನ್ನು ಕೇಳಿ. ಜಿಪಿಎಸ್ ಇದನ್ನು ಹೇಳುವುದಿಲ್ಲ.

ತೆರೆದ ಬಾವಿಯಾದರೆ ಸ್ಟೀಲ್ ಕೊಡಪಾನ ಇಳಿಸಿ. ಮೇಲೆ ತೇಲುವ ಎಲೆ, ಎಣ್ಣೆ ಪೊರೆ ಬಿಟ್ಟು ಸ್ವಲ್ಪ ಕೆಳಗಿನ ನೀರು ತೆಗೆಯಿರಿ. ಬೋರ್‌ವೆಲ್ ಆದರೆ ಪಂಪ್ ಓಡಲು ಬಿಡಿ, ತಾಪಮಾನ, ಪಿಎಚ್, ವಾಹಕತೆ ಮೂರೂ ಒಂದೇ ಕಡೆ ನಿಂತ ಮೇಲೆ ಹಿಡಿಯಿರಿ, ಇಲ್ಲದಿದ್ದರೆ ಸಿಗುವುದು ಪೈಪಿನಲ್ಲಿ ನಿಂತಿದ್ದ ಹಳೇ ನೀರು. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಅಭ್ಯಾಸಬಲದಿಂದ ಅದೇ ನೀರಿನಲ್ಲಿ ಬಾಟಲಿ ಎರಡು ಸಲ ಕುಲುಕಿ ಚೆಲ್ಲುತ್ತಾರೆ. ಬೇರೆ ಪರೀಕ್ಷೆಗೆ ಅದು ಸರಿ, ನಮ್ಮದಕ್ಕೆ ಅಲ್ಲ. ನೀವು ಚೆಲ್ಲುವ ನೀರಿನ ಕೀಟನಾಶಕ ಗಾಜಿನ ಗೋಡೆಗೆ ಅಂಟಿ ಉಳಿಯುತ್ತದೆ, ಲೆಕ್ಕ ಜಾಸ್ತಿ ಬರುತ್ತದೆ. ಅದೇ ಕಾರಣಕ್ಕೆ ಲ್ಯಾಬಿನಲ್ಲಿ ಖಾಲಿಯಾದ ಬಾಟಲಿಯನ್ನು ಸಾಲ್ವೆಂಟ್‌ನಿಂದ (ಕೀಟನಾಶಕ ಕರಗಿಸಿಕೊಳ್ಳುವ ದ್ರವ) ತೊಳೆದು ಆ ತೊಳೆದದ್ದನ್ನೂ ಸೇರಿಸಬೇಕು. ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ, ಮಾರ್ಕರ್ ಬೇಡ. ಐಸ್ ಡಬ್ಬಿಯಲ್ಲಿ 4 ಡಿಗ್ರಿ, 7 ದಿನದೊಳಗೆ ಎಕ್ಸ್‌ಟ್ರಾಕ್ಷನ್, ಅಂದರೆ ನೀರಿನಿಂದ ಕೀಟನಾಶಕವನ್ನು ಸಾಲ್ವೆಂಟ್‌ಗೆ ಎಳೆದುಕೊಳ್ಳುವುದು. ಡಬ್ಬಿಯನ್ನು ಜೀಪಿನಲ್ಲಿ ಡೀಸೆಲ್ ಕ್ಯಾನಿನ ಪಕ್ಕ ಇಡಬೇಡಿ ಅಂತ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ, ಒಂದು ಸಲ ಹೇಳಬೇಕಾಯಿತು.

ಈಗ ಬ್ಲ್ಯಾಂಕ್, ಅಂದರೆ ಕೊಳೆ ನಮ್ಮಿಂದಲೇ ಸೇರಿತಾ ಅಂತ ಹೇಳುವ ಬಾಟಲಿ. ಶುದ್ಧ ನೀರು ತುಂಬಿದ ಬಾಟಲಿಯೊಂದನ್ನು ಲ್ಯಾಬಿನಿಂದಲೇ ತೆಗೆದುಕೊಂಡು ಹೋಗಿ, ಬಾವಿಕಟ್ಟೆಯ ಮೇಲೆ ಮುಚ್ಚಳ ತೆಗೆದಿಟ್ಟು, ಉಳಿದವುಗಳ ಜೊತೆಗೇ ವಾಪಸ್ ತನ್ನಿ. ನಾನು ಹೊಸಬಳಾಗಿದ್ದಾಗ ಇದೊಂದು ಶಾಸ್ತ್ರ ಅಂದುಕೊಂಡಿದ್ದೆ. ಒಂದು ಪ್ರವಾಸದಲ್ಲಿ 14 ಬಾವಿಗಳ ನೀರು ತಂದೆ. ರಾತ್ರಿ ಲಾಡ್ಜ್‌ನಲ್ಲಿ ವಿಪರೀತ ಸೊಳ್ಳೆ. ರೂಮಿನಲ್ಲೇ ಕೂತು ಬಾಟಲಿಗಳ ಮುಚ್ಚಳ ತೆಗೆದು ಪಿಎಚ್ ನೋಡಿದೆ, ಗೋಡೆಯಲ್ಲಿ ಸೊಳ್ಳೆ ಓಡಿಸುವ ಲಿಕ್ವಿಡ್ ಮಷಿನ್ ಉರಿಯುತ್ತಿತ್ತು. ವಾರದ ನಂತರ 14ರಲ್ಲೂ ಒಂದೇ ಜಾಗದಲ್ಲಿ ಒಂದು ಚೂಪಾದ ಪೀಕ್. ಏನೋ ಕಂಡುಹಿಡಿದೆ ಅಂತ ಎದೆ ಡವಡವ. ಆಮೇಲೆ ಬ್ಲ್ಯಾಂಕ್ ಓಡಿಸಿದೆ. ಅದರಲ್ಲೂ ಅದೇ ಪೀಕ್, ಅಷ್ಟೇ ಎತ್ತರ. ಟ್ರಾನ್ಸ್‌ಫ್ಲುಥ್ರಿನ್, ಆ ಸೊಳ್ಳೆ ಲಿಕ್ವಿಡ್‌ನಲ್ಲಿರುವ ಕೀಟನಾಶಕ. ಬಾವಿಗಳದಲ್ಲ, ಲಾಡ್ಜ್ ರೂಮಿನದು. ಬ್ಲ್ಯಾಂಕ್ ಇಲ್ಲದಿದ್ದರೆ ಅದನ್ನೇ ವರದಿಯಲ್ಲಿ ಬರೆದು ಮರ್ಯಾದೆ ಕಳೆದುಕೊಳ್ಳುತ್ತಿದ್ದೆ.

ಮಣ್ಣು ಇನ್ನೂ ಹಠಮಾರಿ. ಒಂದು ಎಕರೆಯಲ್ಲಿ ಒಂದೇ ಕಡೆ ಅಗೆದರೆ ಏನೂ ಗೊತ್ತಾಗುವುದಿಲ್ಲ. ಅಂಕುಡೊಂಕಾಗಿ ನಡೆಯುತ್ತಾ 10-15 ಕಡೆ, ಮೇಲಿನ 15 ಸೆಂಟಿಮೀಟರ್‌ವರೆಗೆ ಸ್ಟೀಲ್ ಕರಣೆಯಿಂದ ತೆಗೆದು ಒಟ್ಟು ಮಾಡಿ. ರೊಟ್ಟಿಯ ಹಾಗೆ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಂಡು ಉಳಿದದ್ದು ಬಿಡಿ, ಅರ್ಧ ಕೆಜಿ ಆಗುವವರೆಗೆ ಇದನ್ನೇ ಮಾಡಿ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಕಟ್ಟಿ. ಒಣಗಿಸುವುದು ನೆರಳಲ್ಲಿ, ಬಿಸಿಲಿಗೆ ಹಾಕಿದರೆ ನೀವು ಹುಡುಕುತ್ತಿರುವುದೇ ಹಾರಿ ಹೋಗಬಹುದು. ಆ ಮಣ್ಣಿನ ಸಾವಯವ ಇಂಗಾಲ ಎಷ್ಟು ಅಂತಲೂ ಅಳೆಯಿರಿ. ಡಿಡಿಟಿಯಂಥದು ಆ ಇಂಗಾಲಕ್ಕೆ ಅಂಟಿ ಕೂರುತ್ತದೆ, ನೀರಿಗೆ ಇಳಿಯುವುದು ಕಡಿಮೆ. ಕಳೆನಾಶಕ ಅಟ್ರಜಿನ್ ಹಾಗಲ್ಲ, ಮಳೆ ಬಂದರೆ ಅಂತರ್ಜಲಕ್ಕೆ ಹೊರಟುಬಿಡುತ್ತದೆ. ಹಾಗಾಗಿ ಯಾವುದನ್ನು ಮಣ್ಣಲ್ಲಿ ಹುಡುಕಬೇಕು, ಯಾವುದನ್ನು ನೀರಲ್ಲಿ ಅಂತ ಹೊರಡುವ ಮೊದಲೇ ತೀರ್ಮಾನಿಸಿ.

ಲ್ಯಾಬಿನ ಕೆಲಸ ಪುಸ್ತಕದಲ್ಲಿ ಚೆನ್ನಾಗಿಯೇ ಇರುತ್ತದೆ. 1 ಲೀಟರ್ ನೀರಿನಲ್ಲಿದ್ದದ್ದನ್ನು ಕೊನೆಗೆ 1 ಮಿಲಿಲೀಟರ್ ಸಾಲ್ವೆಂಟ್‌ಗೆ ತರುತ್ತೀರಿ, ಸಾವಿರ ಪಟ್ಟು ಗಟ್ಟಿ. ಸಾಲ್ವೆಂಟ್ ಆವಿ ಮಾಡುವಾಗ ಪೂರ್ತಿ ಒಣಗಲು ಬಿಡಬೇಡಿ, ಫೋನ್ ಬಂತು ಅಂತ ಎದ್ದು ಹೋಗಿ ಬಂದವರ ಸ್ಯಾಂಪಲ್ ಎಷ್ಟೋ ಹಾಳಾಗಿವೆ. ಗೊತ್ತಿರುವಷ್ಟು ಸ್ಟ್ಯಾಂಡರ್ಡ್ (ಶುದ್ಧ ಕೀಟನಾಶಕ) ಬೆರೆಸಿದ ಒಂದು ಸ್ಯಾಂಪಲ್ ಪ್ರತಿ ಬ್ಯಾಚ್‌ನಲ್ಲೂ ಇರಲಿ. ಅದರಲ್ಲಿ ಸುಮಾರು 70ರಿಂದ 120 ಶೇಕಡಾ ವಾಪಸ್ ಸಿಗದಿದ್ದರೆ ಆ ಬ್ಯಾಚ್‌ನ ಅಂಕಿ ಯಾರಿಗೂ ಕೊಡಬೇಡಿ.

ಅಂಕಿ ಓದುವುದು ನನಗೆ ಇಷ್ಟದ ಭಾಗ. ಕಾರ್ಖಾನೆಯಿಂದ ಬಂದ ಎಂಡೋಸಲ್ಫಾನ್‌ನಲ್ಲಿ ಆಲ್ಫಾ, ಬೀಟಾ ಅಂತ ಎರಡು ರೂಪ, ಸುಮಾರು 7ಕ್ಕೆ 3ರ ಲೆಕ್ಕ. ಮಣ್ಣಿನಲ್ಲಿ ಕಾಲ ಕಳೆದಂತೆ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಸಲ್ಫೇಟ್ ಮಾತ್ರ ಕಂಡರೆ ಹಳೇ ಕತೆ. ಆಲ್ಫಾ ಎದ್ದು ಕಂಡರೆ ಯಾರೋ ಈಚೆಗೆ ಹೊಡೆದಿದ್ದಾರಾ ಅಂತ ಅನುಮಾನ ಪಡಿ, ಇನ್ನೊಮ್ಮೆ ಹೋಗಿ ಸ್ಯಾಂಪಲ್ ತನ್ನಿ. ಡಿಡಿಟಿ ಮತ್ತು ಅದರಿಂದ ಹುಟ್ಟುವ ಡಿಡಿಇಯ ಕತೆಯೂ ಹೀಗೇ.

ಕೊನೆಗೆ ನೀರು ಕೊಟ್ಟ ಮನೆಗೆ ವರದಿ ತಲುಪಿಸಬೇಕು, ಇದನ್ನು ಮಾಡುವವರು ಕಡಿಮೆ. ಹೋದರೆ ಮನೆಯವರ ಪ್ರಶ್ನೆ ಒಂದೇ, "ನೀರು ಕುಡಿಬಹುದಾ?" ವರದಿಯಲ್ಲಿ 'ಪತ್ತೆಯಾಗಿಲ್ಲ' ಅಂತ ಇದ್ದರೆ ಸೊನ್ನೆ ಅಂತ ಅರ್ಥ ಅಲ್ಲ, ನಮ್ಮ ಮಷಿನ್ ಕಾಣುವ ಮಟ್ಟಕ್ಕಿಂತ ಕೆಳಗಿದೆ ಅಂತ. ಹಾಗಾಗಿ ಹೂಂ ಅಂದು ಎದ್ದು ಬರಬೇಡಿ. ಇಂತಿಂಥ ಕೀಟನಾಶಕ ಹುಡುಕಿದೆವು, ಸಿಗಲಿಲ್ಲ, ಬ್ಯಾಕ್ಟೀರಿಯಾ ನೋಡಿಲ್ಲ, ಫ್ಲೋರೈಡ್ ನೋಡಿಲ್ಲ ಅಂತ ಬಿಡಿಸಿ ಹೇಳಿ. ಏನಾದರೂ ಸಿಕ್ಕಿದ್ದರೆ ಕುದಿಸಿ ಕುಡಿಯಿರಿ ಅನ್ನಬೇಡಿ, ಕುದಿಸುವುದು ರೋಗಾಣುವಿಗೆ, ಕೀಟನಾಶಕಕ್ಕಲ್ಲ. ಆಕ್ಟಿವೇಟೆಡ್ ಕಾರ್ಬನ್ ಇರುವ ಫಿಲ್ಟರ್ ಬೇಕು, ಅದರ ಕ್ಯಾಂಡಲ್ ಹೊತ್ತಿಗೆ ಸರಿಯಾಗಿ ಬದಲಿಸಬೇಕು ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಚಹಾ ಕೊಡುತ್ತಾರೆ. ಅದೇ ಬಾವಿಯ ನೀರಿನದು. ನಾನು ಕುಡಿದೇ ಬರುತ್ತೇನೆ.